ಮಾದಪ್ಪನಿಗೆ ಸಂಸಾರವಿಲ್ಲ, ಫ್ಯಾಂಟಮ್‌ಗೆ ಇಬ್ಬರು ಮಕ್ಕಳು

2023ರ ಫೆಬ್ರವರಿಯಲ್ಲಿ ನಮ್ಮ ಜಿಲ್ಲೆಯಿಂದ ಹೊರಟ ಒಂದು ಪಾದಯಾತ್ರೆ ಟಿವಿ, ಪೇಪರ್, ವಾಟ್ಸಾಪ್ ಎಲ್ಲ ಕಡೆ ಓಡಾಡಿತ್ತು. ನಿಮಗೂ ನೆನಪಿರಬಹುದು. ಮದ್ದೂರು ತಾಲ್ಲೂಕಿನ ಕೆ.ಎಂ.ದೊಡ್ಡಿಯಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ನಡಿಗೆ. ದೂರ 100 ಕಿಲೋಮೀಟರ್‌ಗೂ ಮೇಲೆ. ನಡೆದವರು 30 ದಾಟಿದರೂ ಮದುವೆಯಾಗದ ಹುಡುಗರು, ಹೆಚ್ಚಿನವರು ಬೇಸಾಯ ನಂಬಿದವರು. ‘ಬ್ರಹ್ಮಚಾರಿಗಳ ಪಾದಯಾತ್ರೆ’ ಅಂತಲೇ ಅದಕ್ಕೆ ಹೆಸರು. ಕೋರಿಕೆ ಒಂದೇ: ಮಾದಪ್ಪಾ, ನಮಗೂ ಒಂದು ಹೆಣ್ಣು ಕೂಡಿಸಪ್ಪ.

ಬೆಂಗಳೂರಿನ ಕಡೆಯವರಿಗೆ ಅದು ತಮಾಷೆಯ ಸುದ್ದಿ. ನಮ್ಮ ಕಡೆ ಅಷ್ಟು ನಗು ಬರಲಿಲ್ಲ. ನಾವು ಓಡಾಡುವ ಊರುಗಳಲ್ಲಿ ಬೀದಿಗೆ ಇಬ್ಬರು ಮೂವರು ಅಂಥವರು ಇದ್ದೇ ಇರುತ್ತಾರೆ. ಆದರೆ ಆ ಸುದ್ದಿಯಲ್ಲಿ ಒಂದು ವಿಷಯ ಮಾತ್ರ ನಮ್ಮ ತಲೆಯಲ್ಲಿ ಕೂತುಬಿಟ್ಟಿತು. ಹುಡುಗರು ಹೆಣ್ಣು ಕೇಳಲು ಹೋದದ್ದು ಯಾರ ಹತ್ತಿರ? ಮದುವೆಯನ್ನೇ ಆಗದ ಮಾದಪ್ಪನ ಹತ್ತಿರ.

ಅಲ್ಲಿಂದ ಶುರುವಾದ ಮಾತು ಇದು. ವೀರರು, ಪವಾಡ ಮಾಡುವವರು, ಇಂಗ್ಲಿಷಿನಲ್ಲಿ ಸೂಪರ್‌ಹೀರೋ ಅನ್ನಿಸಿಕೊಳ್ಳುವವರು ಮದುವೆಯಾಗಬೇಕಾ? ಮಕ್ಕಳು ಮಾಡಿಕೊಳ್ಳಬೇಕಾ? ಕಾಮಿಕ್ಸ್ ಓದುವ ಹುಡುಗರ ಹರಟೆ ಅಂತ ಬಿಡಬೇಡಿ. ಸ್ವಲ್ಪ ಒಳಗೆ ಇಳಿದರೆ ಇದು ನಮ್ಮ ನಮ್ಮ ಮನೆಗೇ ಬಂದು ನಿಲ್ಲುತ್ತದೆ.

ನಾವು ಅಂದರೆ ಯಾರು ಅಂತ ಮೊದಲೇ ಹೇಳಿಬಿಡುತ್ತೇವೆ. ಪತ್ರಿಕೋದ್ಯಮ ಡಿಪ್ಲೊಮಾ ಮುಗಿಸಿ, ಬೈಕಿನ ಮೇಲೆ ಮಂಡ್ಯ, ಮದ್ದೂರು, ಮಳವಳ್ಳಿ ಸುತ್ತಿ ಸುದ್ದಿ ಕಳಿಸುವವರು. ಸಂಬಳ ಅಂತ ಇಲ್ಲ. ಅಚ್ಚಾದ ಸುದ್ದಿಗೆ ಇಷ್ಟು, ಫೋಟೋಗೆ ಇಷ್ಟು. ವಯಸ್ಸು ಮೂವತ್ತರ ಮೇಲೆ. ನಮ್ಮಲ್ಲಿ ಮದುವೆಯಾದವರೂ ಇದ್ದಾರೆ, ಇನ್ನೂ ಜಾತಕ ಹಿಡಿದು ಓಡಾಡುವವರೂ ಇದ್ದಾರೆ. ಹೆಣ್ಣು ನೋಡಲು ಹೋದಾಗ ಕಾಫಿ ಲೋಟ ಕೈಗೆ ಬರುವ ಮೊದಲೇ ಬರುವ ಪ್ರಶ್ನೆ ನಮಗೆಲ್ಲ ಬಾಯಿಪಾಠ. “ಪೇಪರ್‌ನಲ್ಲಿ ಅಂದ್ರೆ ಪರ್ಮನೆಂಟಾ ಸ್ವಾಮಿ?”

ಕಾಮಿಕ್ಸ್ ಮದುವೆಗಳ ಪಾಡು

ನಮ್ಮ ವಯಸ್ಸಿನವರಿಗೆ ಮೊದಲ ಸೂಪರ್‌ಹೀರೋ ಒಂದು ಇಲಿ. ಬಾಲಮಂಗಳದ ಡಿಂಗ. ಕಾಡಿನಲ್ಲಿ ಯಾರಿಗೆ ಕಷ್ಟ ಬಂದರೂ ಹಾರಿ ಬರುತ್ತಿದ್ದ. ಅವನಿಗೆ ಮನೆ, ಹೆಂಡತಿ, ಮರಿಗಳು ಇದ್ದದ್ದು ನಾವು ಓದಿದ ಸಂಚಿಕೆಗಳಲ್ಲಿ ಎಲ್ಲೂ ಕಾಣಲಿಲ್ಲ. ಆಮೇಲೆ 1997ರಲ್ಲಿ ದೂರದರ್ಶನಕ್ಕೆ ಶಕ್ತಿಮಾನ್ ಬಂದ. ಗೀತಾ ವಿಶ್ವಾಸ್ ಅನ್ನುವ ಪತ್ರಕರ್ತೆ ಅವನ ಹಿಂದೆ ಸುದ್ದಿಗಾಗಿ ಓಡಾಡಿದ್ದೇ ಓಡಾಡಿದ್ದು, ಅವನು ಮಾತ್ರ ಗಿರಗಿರ ತಿರುಗಿ ಮಾಯ.

ಅಮೆರಿಕದ ಸೂಪರ್‌ಹೀರೋಗಳಿಗೂ ನಮ್ಮ ಕಸುಬಿಗೂ ನಂಟಿದೆ. ಸೂಪರ್‌ಮ್ಯಾನ್ ಹಗಲಲ್ಲಿ ಪೇಪರ್ ವರದಿಗಾರ. ಅವನು ಇಷ್ಟಪಟ್ಟ ಲೋಯಿಸ್ ಲೇನ್ ಕೂಡ ವರದಿಗಾರ್ತಿ. ಸ್ಪೈಡರ್‌ಮ್ಯಾನ್ ಅಂತೂ ಪೂರ್ತಿ ನಮ್ಮ ಪೈಕಿ: ಫೋಟೋ ತೆಗೆದು ಪೇಪರ್‌ಗೆ ಮಾರುತ್ತಾನೆ, ಫೋಟೋಗೆ ಇಷ್ಟು ಅಂತ ದುಡ್ಡು, ಯಾವಾಗಲೂ ಜೇಬು ಖಾಲಿ. ಅವನಿಗೂ ಯಾರಾದರೂ “ಪರ್ಮನೆಂಟಾ?” ಅಂತ ಕೇಳಿರಬೇಕು.

ಇವರ ಮದುವೆ ಕಥೆಗಳು ನಮ್ಮೂರ ಮದುವೆ ಮಾತುಕತೆಗಿಂತ ಗೋಜಲು. ಸೂಪರ್‌ಮ್ಯಾನ್ ಹುಟ್ಟಿದ್ದು 1938ರಲ್ಲಿ, ಲೋಯಿಸ್‌ಗೆ ತಾಳಿ ಕಟ್ಟಿದ್ದು, ಅಂದರೆ ಉಂಗುರ ತೊಡಿಸಿದ್ದು, 1996ರಲ್ಲಿ. 58 ವರ್ಷ ಕಾಯಿಸಿದರು. 2011ರಲ್ಲಿ ಕಂಪನಿಯವರು ಕಥೆಯನ್ನು ಮೊದಲಿಂದ ಶುರು ಮಾಡಿ ಆ ಮದುವೆಯನ್ನೇ ಇಲ್ಲ ಅನ್ನಿಸಿದರು. ಓದುಗರು ಬಿಡಲಿಲ್ಲ. 2016ರ ಹೊತ್ತಿಗೆ ಮತ್ತೆ ಸಂಸಾರ ಬಂತು, ಜೊತೆಗೆ ಜಾನ್ ಅನ್ನುವ ಮಗ. ಸ್ಪೈಡರ್‌ಮ್ಯಾನ್ 1987ರಲ್ಲಿ ಮೇರಿ ಜೇನ್‌ಳನ್ನು ಮದುವೆಯಾದ. 20 ವರ್ಷ ಆದಮೇಲೆ, 2007ರಲ್ಲಿ ಶುರುವಾದ ಕಥೆಯಲ್ಲಿ, ಸಾಕಿ ಬೆಳೆಸಿದ ದೊಡ್ಡಮ್ಮನ ಪ್ರಾಣ ಉಳಿಸಲು ಸೈತಾನನಂಥ ಒಬ್ಬನ ಜೊತೆ ಒಪ್ಪಂದ ಮಾಡಿಕೊಂಡ. ಬದಲಿಗೆ ಅವನು ಕೇಳಿದ್ದು ಈ ಮದುವೆಯನ್ನು. ಮದುವೆ ಯಾರ ನೆನಪಿನಲ್ಲೂ ಉಳಿಯಲಿಲ್ಲ. ಹಾಗೆ ಮಾಡಿಸಿದ ಸಂಪಾದಕರ ಲೆಕ್ಕ ಸರಳ: ಮದುವೆಯಾದ ಸ್ಪೈಡರ್‌ಮ್ಯಾನ್ ವಯಸ್ಸಾದವನಂತೆ ಕಾಣುತ್ತಾನೆ, ಓದುವ ಹುಡುಗರಿಗೆ ಅವನು ತಮ್ಮವನು ಅನ್ನಿಸುವುದಿಲ್ಲ.

ಬ್ಯಾಟ್‌ಮ್ಯಾನ್ ಕಥೆ ಕೇಳಿದರೆ ನಮ್ಮ ಹುಡುಗರಿಗೆ ಸಮಾಧಾನ ಆಗಬಹುದು. 2018ರಲ್ಲಿ ಅವನ ಮದುವೆ ಗೊತ್ತಾಯಿತು. ಪ್ರಚಾರ ಆಯಿತು, ದಿನ ಬಂತು, ಗಂಡು ಬಂದು ಕಾದು ನಿಂತ. ಹೆಣ್ಣು ಬರಲಿಲ್ಲ. ಕಾರಣ ಏನಂದರೆ, ಬ್ಯಾಟ್‌ಮ್ಯಾನ್ ಸುಖವಾಗಿದ್ದರೆ ಬ್ಯಾಟ್‌ಮ್ಯಾನ್ ಆಗಿ ಉಳಿಯುವುದಿಲ್ಲ, ಊರು ಕಾಯುವವನು ಇಲ್ಲದೆ ಹೋಗುತ್ತಾನೆ ಅಂತ ಅವಳಿಗೆ ಅನ್ನಿಸಿತು.

ಈ ಕೊನೆಯ ಮಾತು ಗಮನಿಸಿ. ಸುಖವಾಗಿರುವವನು ಊರಿಗೆ ಆಗುವುದಿಲ್ಲ. ಮನೆ ಇರುವವನಿಗೆ ಊರಿನ ಗೊಡವೆ ಯಾಕೆ? ಇದು ಅಮೆರಿಕದವರು ಹೊಸದಾಗಿ ಕಂಡುಹಿಡಿದದ್ದೇನಲ್ಲ. ನಮ್ಮ ಕಾವೇರಿ ದಂಡೆಯಲ್ಲಿ ಕಂಸಾಳೆಯವರೂ ನೀಲಗಾರರೂ ಇದನ್ನು ತಲೆತಲಾಂತರದಿಂದ ಹಾಡಿಕೊಂಡು ಬಂದಿದ್ದಾರೆ.

ಹುಲಿ ಮೇಲೆ ಕೂತವನು, ಮುತ್ತು ಎತ್ತಿದವನು

ಮಾದಪ್ಪ ಹುಲಿ ಮೇಲೆ ಕೂತು ಏಳು ಮಲೆ ತಿರುಗಿದವನು. ಶ್ರವಣ ದೊರೆಯ ಸೊಕ್ಕು ಮುರಿದವನು. ಈಗಿನ ಭಾಷೆಯಲ್ಲಿ ಹೇಳುವುದಾದರೆ ಅವನಿಗಿಂತ ದೊಡ್ಡ ಸೂಪರ್‌ಹೀರೋ ಈ ಸೀಮೆಯಲ್ಲಿ ಇಲ್ಲ. ತಾಯಿ ಉತ್ತರಾಜಮ್ಮ ಇದ್ದಾಳೆ, ಒಕ್ಕಲು ಇದೆ, ಹೆಂಡತಿ ಇಲ್ಲ.

ಆದರೆ ಅವನ ಕಥೆಯಲ್ಲಿ ಜನ ಕಣ್ಣೀರು ಹಾಕಿಕೊಂಡು ಕೇಳುವ ಭಾಗ ಒಂದು ಸಂಸಾರದ್ದೇ: ಸಂಕಮ್ಮನ ಸಾಲು. ಗಂಡ ನೀಲೇಗೌಡ ಕಾಡಿಗೆ ಹೊರಡುವಾಗ ಹೆಂಡತಿಯ ಮೇಲೆ ಅನುಮಾನ. ನೀನು ಪತಿವ್ರತೆಯಾಗಿ ಇರುತ್ತೀಯ ಅಂತ ಭಾಷೆ ಕೊಡು ಅನ್ನುತ್ತಾನೆ. ಅವಳು ಕೊಡುವುದಿಲ್ಲ. ಹಿಂಸೆ ಕೊಡುತ್ತಾನೆ. ಮಕ್ಕಳಿಲ್ಲ ಅನ್ನುವ ಕೊರಗು ಬೇರೆ. ಆಗ ಅವಳು ಕೂಗುವುದು ಮಾದಪ್ಪನನ್ನು. ಮಾದಪ್ಪ ಬರುತ್ತಾನೆ, ಅವಳಿಗೆ ಮಕ್ಕಳ ಭಾಗ್ಯ ಕೊಡುತ್ತಾನೆ. ಕಾರಯ್ಯ, ಬಿಲ್ಲಯ್ಯ ಅಂತ ಇಬ್ಬರು.

ಈ ಕಥೆಯಲ್ಲಿ ಮಾದಪ್ಪ ಸಂಸಾರಸ್ಥ ಆಗಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಿ. ಗಂಡನ ಅನುಮಾನಕ್ಕೆ ನಲುಗಿದ ಹೆಣ್ಣು ನಡುರಾತ್ರಿ ಇನ್ನೊಬ್ಬ ಗಂಡಸನ್ನು ಕರೆಯುವುದು ಸುಲಭವಾ? ಕರೆದರೆ ಊರು ಸುಮ್ಮನಿರುತ್ತದಾ? ಮಾದಪ್ಪನಿಗೆ ಹೆಣ್ಣಿನ ಆಸೆ ಇಲ್ಲ ಅನ್ನುವುದು ಎಲ್ಲರಿಗೂ ಗೊತ್ತು. ಅದಕ್ಕೇ ಸಂಕಮ್ಮನ ಬಾಯಿಗೆ ಅವನ ಹೆಸರು ಧೈರ್ಯವಾಗಿ ಬರುತ್ತದೆ. ನಮ್ಮ ಹೆಂಗಸರು ಅವನನ್ನು ಅಪ್ಪಾ ಅಂತ ಕರೆಯುತ್ತಾರೆ. ಯಾರ ಗಂಡನೂ ಅಲ್ಲದವನು ಎಲ್ಲರಿಗೂ ಅಪ್ಪ ಆಗಬಹುದು.

ಮುತ್ತತ್ತಿಯಲ್ಲೂ ಇದೇ ನಂಬಿಕೆ. ಮಳವಳ್ಳಿ ತಾಲ್ಲೂಕಿನ ಈ ಕಾವೇರಿ ದಂಡೆಯಲ್ಲಿ ಸೀತೆಯ ಮುತ್ತು ನೀರಿಗೆ ಬಿತ್ತು, ಹನುಮಂತ ಬಾಲದಿಂದ ನೀರು ಕಲಕಿ ಅದನ್ನು ಎತ್ತಿಕೊಟ್ಟ, ಅದಕ್ಕೇ ಅವನು ಮುತ್ತೆತ್ತಿರಾಯ ಅನ್ನುತ್ತದೆ ಸ್ಥಳಪುರಾಣ. ಸ್ನಾನದ ಜಾಗದಲ್ಲಿ ಒಡವೆ ಹುಡುಕಲು ಕರೆಯಬಹುದಾದ ಗಂಡಸು ಅಂದರೆ ಹನುಮಂತನೇ ಸರಿ. ಆ ಬ್ರಹ್ಮಚಾರಿ ದೇವರಿಗೆ ಮಕ್ಕಳಿಗಾಗಿ ಹರಕೆ ಹೊತ್ತವರು ಎಷ್ಟೋ ಜನ. ಡಾ. ರಾಜ್‌ಕುಮಾರ್ ಅವರ ಹುಟ್ಟುಹೆಸರು ಮುತ್ತುರಾಜ. ಅವರ ತಂದೆ ತಾಯಿ ಈ ಮುತ್ತತ್ತಿರಾಯನ ಹೆಸರನ್ನೇ ಮಗನಿಗೆ ಇಟ್ಟಿದ್ದರು.

ಹಾಗಾಗಿ ಬ್ರಹ್ಮಚಾರಿ ವೀರ ಅನ್ನುವುದಕ್ಕೆ ಒಂದು ಅರ್ಥ ಇದೆ. ಅದನ್ನು ನಾವು ತಳ್ಳಿಹಾಕುವುದಿಲ್ಲ.

ಖಾಲಿಯಾದ ಮನೆ

ಆದರೆ ಇದರ ಇನ್ನೊಂದು ಮಗ್ಗುಲು ಕಾಣಬೇಕಾದರೆ ಮಳವಳ್ಳಿಯಿಂದ ಕನಕಪುರ ರಸ್ತೆಯಲ್ಲಿ ಹಲಗೂರಿಗೆ ಬರಬೇಕು. ಮಂಟೇಸ್ವಾಮಿ ಕಾವ್ಯದಲ್ಲಿ ಹಲಗೂರು ಅಂದರೆ ಕಬ್ಬಿಣದ ಊರು, ಪಾಂಚಾಳರ ಊರು. ಮಂಟೇಸ್ವಾಮಿ ಪಾಂಚಾಳರ ಒಂದು ಮನೆಗೆ ಬರುತ್ತಾರೆ. ಆ ಮನೆಯ ಮಗ ಕೆಂಪಾಚಾರಿಯನ್ನು ಕೇಳುತ್ತಾರೆ. ನನಗೆ ಶಿಶುಮಗನಾಗಿ ಕೊಡಿ ಅಂತ.

ಮನೆಯವರು ಸುಲಭಕ್ಕೆ ಕೊಡುವುದಿಲ್ಲ. ಯಾವ ಮನೆಯವರು ಕೊಡುತ್ತಾರೆ? ಕೊನೆಗೆ ಹುಡುಗ ಗುರುವಿನ ಪಾಲಾಗುತ್ತಾನೆ. ಕಷ್ಟದ ಪರೀಕ್ಷೆಗಳನ್ನು ದಾಟಿ ಘನನೀಲಿ ಸಿದ್ದಪ್ಪಾಜಿ ಆಗುತ್ತಾನೆ. ಹಲಗೂರಿಗೆ ಕಬ್ಬಿಣ ಬೇಡಲು ಬಂದಾಗ ಅವನ ಸ್ವಂತ ಜನವೇ ಅವನಿಗೆ ಹಿಂಸೆ ಕೊಡುತ್ತಾರೆ. ಎಲ್ಲವನ್ನೂ ಗೆದ್ದು ಕಾವೇರಿಯಾಚೆ ಚಿಕ್ಕಲ್ಲೂರಿಗೆ ಹೋಗಿ ನೆಲೆಯಾಗುತ್ತಾನೆ. ಜನವರಿ ಹೊತ್ತಿಗೆ ಅಲ್ಲಿ ಜಾತ್ರೆ. ಚಂದ್ರಮಂಡಲ ಉರಿಯುವುದನ್ನು ನೋಡಲು ನಮ್ಮ ಮೂರೂ ತಾಲ್ಲೂಕಿನವರು ಗಾಡಿ ಮಾಡಿಕೊಂಡು ಹೋಗುತ್ತಾರೆ.

ನೀಲಗಾರರು ತಂಬೂರಿ ಹಿಡಿದು ಈ ಕಥೆಯನ್ನು ರಾತ್ರಿಯಿಡೀ ಹಾಡುತ್ತಾರೆ. ನಮಗೆ ಅದರಲ್ಲಿ ಪವಾಡಕ್ಕಿಂತ ಜಾಸ್ತಿ ನಾಟುವುದು ಮಗ ಹೋದ ಮೇಲೆ ಹಿಂದೆ ಉಳಿದ ಆ ಮನೆ. ಊರಿಗೆ ಒಬ್ಬ ವೀರ ಸಿಕ್ಕಿದ. ಆ ತಾಯಿಗೆ ಏನು ಸಿಕ್ಕಿತು? ಮನೆ ಬಿಟ್ಟ ವೀರನ ಹಿಂದೆ ಒಂದು ಖಾಲಿ ಮನೆ ಇರುತ್ತದೆ, ಅಲ್ಲಿ ಇಬ್ಬರು ಮುದುಕರು ಇರುತ್ತಾರೆ. ಅವರನ್ನು ನೋಡಿಕೊಳ್ಳಲು ಸೊಸೆ ಇಲ್ಲ, ಎತ್ತಿ ಆಡಿಸಲು ಮೊಮ್ಮಗು ಇಲ್ಲ.

ಕಥೆಯ ಮಾತು ಇರಲಿ. ನಮ್ಮ ಊರುಗಳಲ್ಲೇ ಅಂಥ ಮನೆಗಳು ಈಗ ಎಷ್ಟಿಲ್ಲ? ಮಗ ಎದುರಿಗೇ ಇದ್ದಾನೆ, ಗದ್ದೆಗೆ ಹೋಗಿ ಬರುತ್ತಾನೆ. 38 ವರ್ಷ, 40 ವರ್ಷ. “ಇವ್ನಿಗೊಂದ್ ಮದ್ವೆ ಆಗಿ ಹೋಗಿದ್ರೆ ನಾನು ನೆಮ್ಮದಿಯಾಗಿ ಕಣ್ ಮುಚ್ತಿದ್ದೆ ಕನಪ್ಪ” ಅನ್ನುವ ತಾಯಂದಿರ ಮಾತನ್ನು ನಾವು ಸುದ್ದಿಗೆ ಹೋದ ಕಡೆಯಲ್ಲೆಲ್ಲ ಕೇಳಿದ್ದೇವೆ. ಅವರ ಮಗ ವ್ರತ ತೊಟ್ಟವನಲ್ಲ. ಮಾದಪ್ಪ ಬೇಡ ಅಂದ, ಇವನಿಗೆ ಸಿಗಲಿಲ್ಲ. ಎರಡಕ್ಕೂ ‘ಬ್ರಹ್ಮಚಾರಿ’ ಅನ್ನುವ ಒಂದೇ ಪದ ಹಾಕಿ ಪೇಪರ್‌ನವರಾದ ನಾವು ಹೆಡಿಂಗ್ ಮಾಡುತ್ತೇವೆ.

2021ರಲ್ಲಿ ಬಂದ ಮಲಯಾಳಂನ ‘ಮಿನ್ನಲ್ ಮುರಳಿ’ ಸಿನಿಮಾ ಕನ್ನಡಕ್ಕೂ ಡಬ್ ಆಗಿ ಮೊಬೈಲ್‌ನಲ್ಲಿ ಬಹಳ ಜನ ನೋಡಿದರು. ಒಂದು ಹಳ್ಳಿಯಲ್ಲಿ ಇಬ್ಬರಿಗೆ ಸಿಡಿಲು ಬಡಿದು ಶಕ್ತಿ ಬರುತ್ತದೆ. ಒಬ್ಬ ದರ್ಜಿ, ಅವನು ಹೀರೋ. ಇನ್ನೊಬ್ಬ ಟೀ ಅಂಗಡಿಯ ಕೆಲಸದವನು, ಅವನು ವಿಲನ್. ಆ ವಿಲನ್‌ಗೆ ಬೇಕಾಗಿದ್ದದ್ದು ರಾಜ್ಯ ಅಲ್ಲ, ಖಜಾನೆ ಅಲ್ಲ. ವರ್ಷಗಟ್ಟಲೆ ಕಾದ ಒಬ್ಬ ಹೆಣ್ಣಿನ ಜೊತೆ ಒಂದು ಮನೆ. ಊರು ಅದಕ್ಕೆ ಅಡ್ಡ ಬರುತ್ತದೆ, ಅವನು ಊರಿಗೆ ಬೆಂಕಿಯಾಗುತ್ತಾನೆ. ನಮ್ಮ ಹುಡುಗರು ಯಾರೂ ವಿಲನ್ ಆಗುವುದಿಲ್ಲ, ಗದ್ದೆ ಬದುವಿನ ಮೇಲೆ ಒಬ್ಬರೇ ಕೂತು ರೀಲ್ಸ್ ನೋಡುತ್ತಾರೆ ಅಷ್ಟೆ. ಆದರೆ ಹೀರೋ ಒಂಟಿಯಾಗಿರಬೇಕು ಅನ್ನುವವರು ಆ ಸಿನಿಮಾದ ವಿಲನ್‌ನನ್ನು ಒಮ್ಮೆ ನೋಡಬೇಕು. ಒಂಟಿತನ ಎಲ್ಲರನ್ನೂ ವೀರರನ್ನಾಗಿ ಮಾಡುವುದಿಲ್ಲ.

ಮಕ್ಕಳಿರುವ ವೀರರು

ಹಾಗಾದರೆ ಮಕ್ಕಳಿರುವ ವೀರರ ಕಥೆ ಏನು? ಅದಕ್ಕೆ ನಮ್ಮ ಜಿಲ್ಲೆಯವರು ಬೇರೆ ಕಡೆ ಹೋಗಬೇಕಿಲ್ಲ. ಬೇಸಿಗೆ ಬಂದರೆ ಯಾವುದಾದರೂ ಊರಲ್ಲಿ ಕುರುಕ್ಷೇತ್ರ ನಾಟಕ ಇದ್ದೇ ಇರುತ್ತದೆ. ಮೇಷ್ಟರು ಹಾರ್ಮೋನಿಯಂ ಹಿಡಿದು ತಿಂಗಳುಗಟ್ಟಲೆ ಕಲಿಸುತ್ತಾರೆ. ಬಾಡಿಗೆಗೆ ಸೀನರಿ, ಡ್ರೆಸ್ಸು ಬರುತ್ತದೆ, ಬೆಳಗಿನ ಜಾವದವರೆಗೂ ನಾಟಕ.

ದುರ್ಯೋಧನ, ಭೀಮ ಗದೆ ಹಿಡಿದಾಗ ಶಿಳ್ಳೆ ಬೀಳುತ್ತದೆ. ಜನ ಸುಮ್ಮನಾಗುವುದು ಅಭಿಮನ್ಯುವಿನ ಸೀನ್‌ಗೆ. ಅರ್ಜುನ ಎಂಥ ಬಿಲ್ಲುಗಾರನಾದರೂ ಮಗನ ಹೆಣದ ಮುಂದೆ ಅವನು ಒಬ್ಬ ಅಪ್ಪ ಮಾತ್ರ. ಎಲೆಅಡಿಕೆ ಜಗಿಯುತ್ತಾ ಕೂತ ಅಜ್ಜಂದಿರೂ ಆಗ ಟವೆಲ್‌ನಿಂದ ಕಣ್ಣು ಒರೆಸಿಕೊಳ್ಳುತ್ತಾರೆ. ಗಾಂಡೀವ ನಮ್ಮ ಯಾರ ಮನೆಯಲ್ಲೂ ಇಲ್ಲ, ಮಕ್ಕಳು ಇದ್ದಾರೆ. ಅರ್ಜುನ ನಮ್ಮವನಾಗುವುದು ಅಲ್ಲಿ.

ಇದೇ ಅರ್ಜುನನ ಇನ್ನೊಂದು ಸಂಸಾರದ ಲೆಕ್ಕ 1977ರ ‘ಬಭ್ರುವಾಹನ’ ಸಿನಿಮಾದಲ್ಲಿದೆ. ಅಪ್ಪ, ಮಗ ಎರಡೂ ಪಾತ್ರ ರಾಜ್‌ಕುಮಾರ್ ಅವರದೇ. ಊರೂರು ಗೆದ್ದ ವೀರ ಒಂದೂರಿನಲ್ಲಿ ಮದುವೆಯಾಗಿ, ಹೆಂಡತಿಯನ್ನು ಅಲ್ಲೇ ಬಿಟ್ಟು ಮುಂದೆ ಹೋದ. ಮಗ ದೊಡ್ಡವನಾಗಿ ಎದುರು ನಿಂತ. ಲೋಕದಲ್ಲಿ ಯಾರೂ ಸೋಲಿಸದವನನ್ನು ಸೋಲಿಸಿದ್ದು ಅವನು ಮರೆತು ಬಂದ ಮನೆ.

ಈ ಎರಡು ಕಥೆ ನೋಡಿದರೆ ಕಾಮಿಕ್ಸ್ ಸಂಪಾದಕರ ವಾದ ನಿಲ್ಲುವುದಿಲ್ಲ. ಮದುವೆಯಾದರೆ ವೀರ ಸಪ್ಪೆಯಾಗುತ್ತಾನೆ ಅನ್ನುವುದು ಸುಳ್ಳು. ಕಳೆದುಕೊಳ್ಳಲು ಏನೂ ಇಲ್ಲದವನು ಮುನ್ನುಗ್ಗುವುದು ದೊಡ್ಡದಲ್ಲ. ಮನೆಯಲ್ಲಿ ಮಗು ಕಾಯುತ್ತಿದೆ ಅಂತ ಗೊತ್ತಿದ್ದೂ ಹರಿಯುವ ವಿ.ಸಿ. ನಾಲೆಗೆ ಹಾರಿ ಇನ್ನೊಬ್ಬರ ಮಗುವನ್ನು ಎಳೆದು ತರುವವನು ದೊಡ್ಡವನು.

ತೆರೆಯ ಮೇಲಿನವರಲ್ಲೂ ನಮ್ಮ ಜಿಲ್ಲೆಗೆ ಒಂದು ಉದಾಹರಣೆ ಇದೆ. ಮದ್ದೂರು ತಾಲ್ಲೂಕಿನ ದೊಡ್ಡರಸಿನಕೆರೆಯ ಅಂಬರೀಷ್. ಎಷ್ಟೋ ವರ್ಷ ಅವರು ಬ್ರಹ್ಮಚಾರಿ ಹೀರೋ. 1991ರಲ್ಲಿ ಸುಮಲತಾ ಅವರನ್ನು ಮದುವೆಯಾದರು. ‘ಮಂಡ್ಯದ ಗಂಡು’ ಸಿನಿಮಾ ಬಂದದ್ದು ಯಾವಾಗ? 1994ರಲ್ಲಿ, ಮದುವೆಯಾದ ಮೇಲೆ. ಜನ ಆ ಹೆಸರು ಹಿಡಿದೇ ಅವರನ್ನು ಕೊನೆಯವರೆಗೂ ಕರೆದರು. ಮದುವೆಯಿಂದ ಗಂಡಿಗೆ ಏನೂ ಕಮ್ಮಿ ಆಗಲಿಲ್ಲ.

21 ಗಂಡುಮಕ್ಕಳು

ಮದುವೆ, ಮಕ್ಕಳು ಅನ್ನುವುದೇ ಕಥೆಯ ಬೇರಾಗಿರುವ ಒಬ್ಬ ಕಾಮಿಕ್ಸ್ ವೀರ ಇದ್ದಾನೆ, ಅವನು ಫ್ಯಾಂಟಮ್. ನಮ್ಮ ಅಪ್ಪ, ಚಿಕ್ಕಪ್ಪಂದಿರು ಅವನನ್ನು ‘ಸುಧಾ’ದಲ್ಲಿ, ಇಂದ್ರಜಾಲ ಕಾಮಿಕ್ಸ್‌ನಲ್ಲಿ ಓದಿದವರು. ನಮಗೆ ಅಟ್ಟದ ಮೇಲಿನ ಹಳೇ ಕಟ್ಟುಗಳಲ್ಲಿ ಸಿಕ್ಕಿದ.

ಲೀ ಫಾಕ್ ಅನ್ನುವವರು 1936ರಲ್ಲಿ ಶುರು ಮಾಡಿದ ಕಥೆ ಅದು. ಕಾಡಿನ ಜನ ಫ್ಯಾಂಟಮ್‌ಗೆ ಸಾವಿಲ್ಲ ಅಂದುಕೊಂಡಿದ್ದಾರೆ. ನಿಜ ಏನಂದರೆ 1536ರಿಂದ ಅಪ್ಪ ಸತ್ತರೆ ಮಗ ಅದೇ ಮುಖವಾಡ ಹಾಕಿಕೊಳ್ಳುತ್ತಾ ಬಂದಿದ್ದಾನೆ. ಈಗಿರುವವನು 21ನೆಯವನು. ಅವನು ಡಯಾನಾಳನ್ನು ವರ್ಷಾನುಗಟ್ಟಲೆ ಕಾಯಿಸಿ 1977ರಲ್ಲಿ ಮದುವೆಯಾದ. ಆಮೇಲೆ ಅವಳಿಜವಳಿ ಮಕ್ಕಳು: ಕಿಟ್ ಅನ್ನುವ ಗಂಡು, ಹೆಲೊಯಿಸ್ ಅನ್ನುವ ಹೆಣ್ಣು.

ಇಲ್ಲಿ ಮದುವೆ ಬೇಡ ಅಂದರೆ ಕಥೆಯೇ ಇಲ್ಲ. ಒಬ್ಬ ಫ್ಯಾಂಟಮ್ ಬ್ರಹ್ಮಚಾರಿಯಾಗಿ ಉಳಿದಿದ್ದರೆ ಅಲ್ಲಿಗೇ ಸರಪಳಿ ಕಡಿಯುತ್ತಿತ್ತು. ಹಾಗಾಗಿ ನಾವು ಮಳವಳ್ಳಿಯಲ್ಲಿ ಟೀ ಕುಡಿಯುತ್ತಾ ಈ ವಿಷಯ ಎತ್ತಿದಾಗ, ನೋಡಿ ಫ್ಯಾಂಟಮ್ ಇದ್ದಾನಲ್ಲ, ಮಾತು ಮುಗಿಯಿತು ಅಂದೆವು. ನಮ್ಮ ಜೊತೆ ಡಿಪ್ಲೊಮಾ ಓದಿದ ಗೆಳತಿ ಒಬ್ಬರು ಸುಮ್ಮನೆ ಕೇಳುತ್ತಿದ್ದವರು ಲೋಟ ಕೆಳಗಿಟ್ಟರು.

“21 ತಲೆಮಾರು, 21 ಸಲಾನೂ ಗಂಡ್ಮಗ ಬೇಕಾಯ್ತು ಅಲ್ವಾ? ಹೆಣ್ ಹುಟ್ಟಿದ್ರೆ ಏನ್ ಮಾಡ್ತಿದ್ರು?”

ಯಾರಿಗೂ ತಟ್ಟನೆ ಉತ್ತರ ಬರಲಿಲ್ಲ. 17ನೇ ಫ್ಯಾಂಟಮ್ ಕಾಲದಲ್ಲಿ ಅವನ ಒಡಹುಟ್ಟಿದವಳು ಜೂಲಿ ಕೆಲವು ದಿನ ವೇಷ ತೊಟ್ಟು ಊರು ಕಾಯ್ದ ಕಥೆ ಇದೆ. ಆದರೂ ಲೆಕ್ಕಕ್ಕೆ ಸೇರಿದ್ದು 21 ಗಂಡುಮಕ್ಕಳೇ. ಸಂಕಮ್ಮನಿಗೆ ಸಿಕ್ಕ ವರದಲ್ಲೂ ಇಬ್ಬರೂ ಗಂಡು. ವೀರ ಅಂದರೆ ಗಂಡು, ವಂಶ ಅಂದರೆ ಗಂಡು, ಕೊಳ್ಳಿ ಇಡಲು ಗಂಡು.

ಈ ಮಾತು ಮಂಡ್ಯದಲ್ಲಿ ಎಲ್ಲಿಗೆ ಬಂದು ತಲುಪಿತು ಅನ್ನುವುದು ನಿಮಗೆ ಗೊತ್ತಿದೆ. 2022ರ ನವೆಂಬರ್‌ನಲ್ಲಿ ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿಯಲ್ಲಿ ವಧು-ವರರ ಸಮಾವೇಶ ನಡೆಯಿತು. ಹುಡುಗರ ಹೆಸರು 10,000ಕ್ಕೂ ಹೆಚ್ಚು, ಹುಡುಗಿಯರದು 250ರ ಆಸುಪಾಸು ಅಂತ ವರದಿಗಳು ಬಂದವು. ಮೂರು ತಿಂಗಳಾದ ಮೇಲೆ ಆ ಪಾದಯಾತ್ರೆ. 2023ರ ಚುನಾವಣೆ ಹೊತ್ತಿಗೆ, ರೈತರ ಮಕ್ಕಳನ್ನು ಮದುವೆಯಾಗುವ ಹೆಣ್ಣುಮಕ್ಕಳಿಗೆ 2 ಲಕ್ಷ ರೂಪಾಯಿ ಕೊಡುತ್ತೇವೆ ಅನ್ನುವ ಭರವಸೆಯೂ ಕೇಳಿಬಂತು. ಅದೇ ವರ್ಷದ ಕೊನೆಗೆ ಇನ್ನೊಂದು ಸುದ್ದಿ. ಹೆಣ್ಣು ಭ್ರೂಣ ಪತ್ತೆ ಮಾಡಿ ತೆಗೆಸುವ ಜಾಲವನ್ನು ಬೆಂಗಳೂರು ಪೊಲೀಸರು ಹಿಡಿದರು. ಮಂಡ್ಯ ತಾಲ್ಲೂಕಿನ ಒಂದು ಆಲೆಮನೆಯಲ್ಲಿ ಸ್ಕ್ಯಾನಿಂಗ್ ಮೆಷಿನ್ ಇಟ್ಟು ಗಂಡೋ ಹೆಣ್ಣೋ ಅಂತ ನೋಡುತ್ತಿದ್ದರು ಅನ್ನುವ ಆರೋಪ. ಸರ್ಕಾರ ತನಿಖೆಯನ್ನು ಸಿಐಡಿಗೆ ಕೊಟ್ಟಿತು.

ಆಲೆಮನೆ ಅಂದರೆ ನಮಗೆ ಕಬ್ಬಿನ ಹಾಲು, ಬಿಸಿ ಬೆಲ್ಲದ ವಾಸನೆ. ಆ ಹೆಸರಿಗೆ ಈ ಸುದ್ದಿ ಅಂಟಿಕೊಂಡಿದ್ದು ನಮ್ಮ ಕಡೆಯವರಿಗೆ ಇವತ್ತಿಗೂ ಸಂಕಟ. ಹೊಟ್ಟೆಯಲ್ಲಿರುವ ಮಗು ಯಾವುದು ಅಂತ ನೋಡಿ ಹೇಳುವುದು ಅಪರಾಧ ಅಂತ 1994ರಲ್ಲೇ ಕಾಯ್ದೆ ಬಂದಿದೆ. ಕಾಯ್ದೆ ಬಂದ ವರ್ಷ ಹುಟ್ಟಿದವರು ಈಗ 30 ದಾಟಿದ್ದಾರೆ. ಪಾದಯಾತ್ರೆಗೆ ಹೊರಟವರ ವಯಸ್ಸು ಅದೇ. ಅವರು ಬೆಟ್ಟದಲ್ಲಿ ಕೇಳಿದ ಹೆಣ್ಣುಗಳಲ್ಲಿ ಕೆಲವರು ಹುಟ್ಟಲೇ ಇಲ್ಲ.

ಹುಟ್ಟಿದವರು ಯಾಕೆ ಒಪ್ಪುತ್ತಿಲ್ಲ ಅನ್ನುವುದೂ ಗುಟ್ಟಲ್ಲ. ನಮ್ಮ ಗೆಳತಿ ಅದನ್ನೂ ಹೇಳಿದರು. “ನಿಮ್ ಹೀರೋ ಮದ್ವೆ ಆಗ್ಲಿ ಬಿಡಿ, ಬೇಡ ಅಂದೋರ್ ಯಾರು? ಅವ್ನು ಊರ್ ಕಾಯೋಕೆ ಹೋದಾಗ ಅವ್ನ್ ಹೆಂಡ್ತಿ ಏನ್ ಮಾಡ್ತಾವ್ಳೆ ಅಂತ ಒಂದ್ ಪುಟ ಬರೀರಿ. ಹಸು ಹಾಲು ಕರಿಯೋದು, ಡೇರಿಗೆ ಹಾಕೋದು, ಅತ್ತೆಗೆ ಬಿಸ್ನೀರು, ಕಬ್ಬಿನ ಗದ್ದೇಲಿ ಸೋಗೆ ತರಿಯೋದು. ಅದಕ್ಕೆ ದುಡ್ಡೂ ಇಲ್ಲ, ಹೆಸ್ರೂ ಇಲ್ಲ. ಆ ಮನೆಗೆ ಯಾರ್ ಬತ್ತಾರೆ?” ಅವರೂ ಮಳವಳ್ಳಿ ಕಡೆಯ ರೈತರ ಮಗಳೇ. ರೈತನನ್ನು ಮದುವೆಯಾಗುವುದಿಲ್ಲ ಅನ್ನುವುದು ಅವರ ಅಮ್ಮನ ಹಟ. ಅಮ್ಮ ಆ ಬದುಕು ಬದುಕಿ ನೋಡಿದವರು.

ಈ ಮಾತಿಗೆ ಫ್ಯಾಂಟಮ್ ಕಥೆಯಲ್ಲಿ ಅರ್ಧ ಉತ್ತರ ಇದೆ. ಡಯಾನಾ ಮದುವೆಗೆ ಮೊದಲೂ ವಿಶ್ವಸಂಸ್ಥೆಯ ಕೆಲಸದಲ್ಲಿದ್ದವಳು, ಮದುವೆಯಾದ ಮೇಲೂ ಕೆಲಸ ಬಿಡಲಿಲ್ಲ. ತಲೆಬುರುಡೆ ಗುಹೆಯಲ್ಲಿ ಅನ್ನ ಬೇಯಿಸುತ್ತಾ ಕೂರಲಿಲ್ಲ. ಲೋಯಿಸ್ ಲೇನ್ ಕೂಡ ಸೂಪರ್‌ಮ್ಯಾನ್ ಹೆಂಡತಿ ಆದಮೇಲೂ ವರದಿ ಬರೆಯುವುದನ್ನು ನಿಲ್ಲಿಸಲಿಲ್ಲ. ನಮ್ಮ ಊರುಗಳಲ್ಲೂ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಗಾರ್ಮೆಂಟ್ಸ್ ವ್ಯಾನ್ ಹತ್ತುವ ಹೆಣ್ಣುಮಕ್ಕಳು ಎಷ್ಟು ಜನ ಇಲ್ಲ! ಸಂಜೆ ಬಂದು ಮತ್ತೆ ಒಲೆ ಮುಂದೆ ನಿಲ್ಲುವವರೂ ಅವರೇ.

ನಮ್ಮ ತೀರ್ಮಾನ

ವ್ರತವಾಗಿ ಬ್ರಹ್ಮಚರ್ಯ ಹಿಡಿದವರಿಗೆ ಕೈ ಮುಗಿಯುತ್ತೇವೆ. ಮಾದಪ್ಪ ಮಾದಪ್ಪನೇ, ಮುತ್ತತ್ತಿರಾಯ ಮುತ್ತತ್ತಿರಾಯನೇ. ಅವರನ್ನು ಹಾಡುವ ಕಂಸಾಳೆಯವರು, ನೀಲಗಾರರು ಮಾತ್ರ ನಮಗೆ ಗೊತ್ತಿರುವ ಮಟ್ಟಿಗೆ ಸಂಸಾರಸ್ಥರೇ. ರಾತ್ರಿ ಹಾಡಿ ಬೆಳಿಗ್ಗೆ ಮನೆಗೆ ರೇಷನ್ ತರುವವರು. ಅಪ್ಪನ ಹಿಂದೆ ಕೂತು ಮಗ ಸೊಲ್ಲು ಕಲಿಯುತ್ತಾನೆ. ಬ್ರಹ್ಮಚಾರಿ ವೀರನ ಕಥೆ ಉಳಿದಿರುವುದೇ ಇಂಥ ಸಂಸಾರಗಳಲ್ಲಿ.

ಹೊಸದಾಗಿ ಹುಟ್ಟುವ ವೀರರಿಗೆ ಮದುವೆ ಆಗಲಿ ಅನ್ನುವುದು ನಮ್ಮ ಮಾತು. ಕೆಂಪಾಚಾರಿಯ ಮನೆಯಂಥ ಮನೆ ಇನ್ನೊಂದು ಖಾಲಿಯಾಗುವುದು ಬೇಡ. ಆದರೆ ಮದುವೆ ಅಂದರೆ ಅಡಿಗೆಗೆ ಒಬ್ಬಳು, ವಂಶಕ್ಕೆ ಒಬ್ಬ ಅಂತ ಆಗಬಾರದು. ಆ ವೀರ ಬೆಳಿಗ್ಗೆ ಹಾಲು ಕರೆದು ಡೇರಿಗೆ ಹಾಕಿ ಆಮೇಲೆ ಹಾರಲಿ. ಹೆಂಡತಿ ಕೆಲಸಕ್ಕೆ ಹೊರಟಾಗ ಮಗುವಿಗೆ ಜಡೆ ಹಾಕಲು ಕಲಿಯಲಿ.

ಆ ಮಗು ಹೆಣ್ಣಾಗಲಿ. ಮುಖವಾಡ ಅವಳಿಗೇ ಸಿಗಲಿ, ಕೆಲವು ದಿನಕ್ಕಲ್ಲ, ಪೂರ್ತಿ. ಫ್ಯಾಂಟಮ್ ಬರೆಯುವವರಿಗೆ ನಮ್ಮ ಮಾತು ಕೇಳುವುದಿಲ್ಲ. ಕೇಳುವ ಹಾಗಿದ್ದರೆ 22ನೆಯವಳು ಹೆಲೊಯಿಸ್ ಆಗಲಿ ಅಂತ ಮಂಡ್ಯ ಜಿಲ್ಲೆಯಿಂದ ಒಂದು ಅರ್ಜಿ ಹಾಕುತ್ತಿದ್ದೆವು.

ಇದೆಲ್ಲ ಕಾಗದದ ಮೇಲಿನ ವೀರರ ಮಾತು. ನಮ್ಮ ಗೆಳೆಯರಲ್ಲಿ ಒಬ್ಬರಿಗೆ ಹೋದ ವರ್ಷ ಮಗಳು ಹುಟ್ಟಿದಳು. ಆಸ್ಪತ್ರೆಗೆ ನೋಡಲು ಬಂದ ಅಜ್ಜಿಯೊಬ್ಬರು “ಹೋಗ್ಲಿ ಬಿಡಪ್ಪ, ಮುಂದಿನ್ದು ಗಂಡಾಯ್ತದೆ” ಅಂದರಂತೆ. ಸಮಾಧಾನ ಹೇಳಿದೆ ಅಂತಲೇ ಅವರು ಅಂದುಕೊಂಡಿದ್ದರು. ನಮ್ಮ ಗೆಳೆಯ ಜಗಳಕ್ಕೆ ಹೋಗಲಿಲ್ಲ. “ಇದೇ ಸಾಕು ಕನಜ್ಜಿ” ಅಂದು, ಇಡೀ ವಾರ್ಡಿಗೆ ಮದ್ದೂರು ವಡೆ ತರಿಸಿ ಹಂಚಿದರು. ಆ ತಿಂಗಳ ಸುದ್ದಿ ದುಡ್ಡು ಅವರಿಗೆ ಇನ್ನೂ ಬಂದಿರಲಿಲ್ಲ.